ಜರ್ಮನಿಗೆ ಹೋಗಿರೋ ನಮ್ಮೂರ ಮಕ್ಕಳಿಗೆ: ಲೀಸ್ ಕಾರಿಗೆ ಕಮ್ಮಿ ದುಡ್ಡಲ್ಲಿ ವಿಂಟರ್ ಟೈರು, ವೀಲು ಆರಿಸ್ಕೊಳ್ಳೋದು ಹೇಗೆ

ಪ್ರತಿ ವರ್ಷ ಆಯುಧಪೂಜೆ ಹತ್ರ ಬರ್ತಿದ್ದ ಹಾಗೇ ನಂಗೆ ಫೋನ್ ಬರೋಕೆ ಶುರುವಾಗುತ್ತೆ. ತುಮಕೂರಿಂದ ಹೋದವರು, ಗುಬ್ಬಿ, ಶಿರಾ ಕಡೆಯವರು, ಈಚೆಗೆ ಕೋಲಾರದ ಕಡೆಯ ಹುಡುಗ್ರೂ, ಇಂಜಿನಿಯರಿಂಗ್ ಮುಗಿಸಿ ಜರ್ಮನಿಲಿ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿರುತ್ತೆ, ಆಸೆಪಟ್ಟು ಒಂದು ಪವರ್ ಇರೋ ಕಾರು ಲೀಸಲ್ಲಿ, ಅಂದ್ರೆ ತಿಂಗಳ ಕಂತು ಕಟ್ಟಿ ಓಡಿಸಿ ಅವಧಿ ಮುಗಿದ್ಮೇಲೆ ವಾಪಸ್ ಕೊಡೋ ಲೆಕ್ಕದಲ್ಲಿ, ತಗೊಂಡಿರ್ತಾರೆ, ಅಕ್ಟೋಬರ್ ಬಂದ ತಕ್ಷಣ ಆಫೀಸಲ್ಲಿ ಎಲ್ಲರೂ ವಿಂಟರ್ ಟೈರ್ ಹಾಕ್ಸಿದ್ಯಾ ಅಂತ ಕೇಳೋಕೆ ಶುರು ಮಾಡ್ತಾರೆ, ಡೀಲರ್ ಹತ್ರ ರೇಟ್ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಆಮೇಲೆ ನಂಗೆ ಫೋನು. ನಾನು ಸ್ಟುಟ್‌ಗಾರ್ಟ್ ಪಕ್ಕ ಬೋಬ್ಲಿಂಗನ್ನಲ್ಲಿ ಏಳು ಚಳಿಗಾಲ ಕಳೆದು ಈಗ ತುಮಕೂರಿಗೆ ವಾಪಸ್ ಬಂದಿದೀನಿ, ಎರಡು ಲೀಸ್ ಕಾರು ತಗೊಂಡು ವಾಪಸ್ಸೂ ಕೊಟ್ಟಿದೀನಿ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಫೋನಲ್ಲಿ ಹೇಳೋದನ್ನ ಒಂದೇ ಸಲ ಇಲ್ಲಿ ಬರೆದುಬಿಡ್ತೀನಿ.

ಹೋದ ವರ್ಷ ಆಯುಧಪೂಜೆ ದಿನ ನಮ್ಮಕ್ಕನ ಮಗ ಅಲ್ಲಿಂದ ಫೋಟೋ ಕಳಿಸಿದ್ದ. ಕೆಂಪು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು, ಬಾನೆಟ್ ಮೇಲೆ ಕುಂಕುಮ, ಸೇವಂತಿಗೆ ಸಿಗದೆ ಯಾವುದೋ ಬಿಳಿ ಹೂವಿನ ಹಾರ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ನೋಡಿ ಕಣ್ಣು ತುಂಬಿಬಂತು ನಿಜ, ಆದ್ರೆ ಫೋಟೋ ದೊಡ್ಡದು ಮಾಡಿ ನಾನು ನೋಡಿದ್ದು ಟೈರನ್ನ. 18 ಇಂಚಿನ ಅಲಾಯ್, ಮೇಲೆ ಅಪ್ಪಟ ಬೇಸಿಗೆ ಟೈರು. "ಪೂಜೆ ಚೆನ್ನಾಗಿದೆ ಕಣೋ, ಚಳಿಗಾಲಕ್ಕೆ ಚಕ್ರ ಏನ್ಮಾಡಿದ್ಯಾ?" ಅಂದೆ. "ಇನ್ನೂ ಸ್ನೋ ಬಿದ್ದಿಲ್ವಲ್ಲ ಚಿಕ್ಕಮ್ಮ" ಅಂದ. ಎಲ್ಲರೂ ಹೇಳೋದು ಇದನ್ನೇ.

ನಾನೂ ಮೊದಲನೇ ವರ್ಷ ಹಾಗೇ ಅಂದ್ಕೊಂಡಿದ್ದೆ. ನವೆಂಬರ್ ಕೊನೆ, ಬೆಳಗ್ಗೆ ಆಫೀಸಿಗೆ ಹೊರಟಿದ್ದೆ, ರಾತ್ರಿ ತೆಳ್ಳಗೆ ಹಿಮ ಬಿದ್ದು ರಸ್ತೆ ಮೇಲೆ ಸಕ್ಕರೆ ಚೆಲ್ಲಿದ ಹಾಗಿತ್ತು ಅಷ್ಟೆ. ನಮ್ಮ ಮನೆ ಬೀದಿ ಇಳಿಜಾರು. ಸ್ಪೀಡ್ 20 ಕೂಡ ಇರ್ಲಿಲ್ಲ, ಬ್ರೇಕ್ ಒತ್ತಿದೀನಿ, ಕಾಲ ಕೆಳಗೆ ಎಬಿಎಸ್ ಗರಗರ ಅಂತಿದೆ, ಕಾರು ಮಾತ್ರ ನಿಲ್ತಾ ಇಲ್ಲ, ಮೆತ್ತಗೆ ಜಾರ್ಕೊಂಡು ಹೋಗ್ತಾನೇ ಇದೆ, ಸ್ಟೀರಿಂಗ್ ತಿರುಗಿಸಿದ್ರೂ ಅದರ ಪಾಡಿಗೆ ಅದು. ಕೊನೆಗೆ ಫುಟ್‌ಪಾತ್ ಕಲ್ಲಿಗೆ ಮುಂದಿನ ಬಲ ಚಕ್ರ ತಾಗಿ ನಿಂತ್ಕೊಂಡ್ತು. ಮುಂದೆ ಸ್ಕೂಲ್ ಮಕ್ಕಳು ದಾಟ್ತಿದ್ರು, ಆ ದೃಶ್ಯ ಇವತ್ತಿಗೂ ಕಣ್ಣಿಂದ ಹೋಗಿಲ್ಲ. ರಿಮ್ ಅಂಚಲ್ಲಿ ಒಂದು ಬೆರಳುದ್ದ ಗೀರು. ಮೂರು ವರ್ಷ ಆದ್ಮೇಲೆ ಕಾರು ವಾಪಸ್ ಕೊಡೋವಾಗ ಆ ಗೀರಿಗೂ ಬಿಲ್ ಬಂತು. ಲೀಸ್ ಕಾರಿಗೆ ಬಂದಿರೋ ಒರಿಜಿನಲ್ ಚಕ್ರ ನಮ್ಮದಲ್ಲ, ಅದನ್ನ ಚಳಿಗಾಲದಲ್ಲಿ ಓಡಿಸ್ಲೇಬಾರ್ದು ಅಂತ ನಾನು ಕಲ್ತಿದ್ದು ಅಲ್ಲಿ.

ಯಾಕೆ ಜಾರುತ್ತೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆಗದೆ ಟೈರ್ ಆರಿಸೋಕೆ ಹೋದ್ರೆ ಅಂಗಡಿಯವನು ಹೇಳಿದ್ದೇ ವೇದವಾಕ್ಯ ಆಗುತ್ತೆ. ಧನುರ್ಮಾಸದಲ್ಲಿ ಬೆಳಗ್ಗೆ ಎದ್ದು ನೋಡಿದ್ರೆ ಕೊಬ್ಬರಿ ಎಣ್ಣೆ ಬಾಟ್ಲಿಲಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತಲ್ಲ, ತಲೆ ಕೆಳಗೆ ಮಾಡಿದ್ರೂ ಬೀಳಲ್ಲ, ಟೈರ್ ರಬ್ಬರ್ರೂ ಥಂಡಿಗೆ ಹೀಗೇ ಬಿರುಸಾಗುತ್ತೆ. ಬೇಸಿಗೆ ಟೈರಿನ ರಬ್ಬರ್ ಬಿಸಿ ರಸ್ತೆಗೆ ಅಂತ ಮಾಡಿರೋದು, ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿಯಾಗ್ತಾ ಹಿಡಿತ ಬಿಡುತ್ತೆ ಅಂತ ಅಲ್ಲಿ ರೂಢಿಯ ಲೆಕ್ಕ. ಸ್ಪೋರ್ಟ್ಸ್ ಕಾರಿಗೆ ಬರೋ ಬೇಸಿಗೆ ಟೈರಂತೂ ಇನ್ನೂ ಬೇಗ. ವಿಂಟರ್ ಟೈರಿನ ರಬ್ಬರಲ್ಲಿ ಸಿಲಿಕಾ ಮತ್ತೆ ಬೇರೆ ಮಿಶ್ರಣ ಇರುತ್ತೆ, ಥಂಡಿಲೂ ಮೆತ್ತಗಿರುತ್ತೆ, ಮೇಲೆ ಬ್ಲೇಡಲ್ಲಿ ಸೀಳಿದ ಹಾಗೆ ಸಣ್ಣ ಸಣ್ಣ ಸೀಳು ಇರುತ್ತೆ, ಅದು ಹಿಮವನ್ನ ಕಚ್ಚಿ ಹಿಡಿಯುತ್ತೆ. ಹಾಗಾಗಿ ಹಿಮ ಬೀಳೋದನ್ನ ಕಾಯೋ ಪ್ರಶ್ನೆನೇ ಇಲ್ಲ, ಅದಕ್ಕೆ ಮುಂಚೆನೇ ಈ ಟೈರ್ ಹಾಕ್ಸಿರ್ಬೇಕು. ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ಕಾರು ನಂದು, ನಂಗೇನೂ ಆಗಲ್ಲ ಅಂತ ಒಬ್ಬ ವಾದ ಮಾಡಿದ್ದ. ಆ ಪವರ್ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕಲ್ಲ. ನಿಲ್ಲಿಸೋದು ಟೈರು.

ಇದೇ ಕಾರಣಕ್ಕೆ, ತುಮಕೂರಲ್ಲೇ ಇರೋರು ಯಾರಾದ್ರೂ ನಮ್ಗೂ ಹಾಕ್ಸೋಣ್ವಾ ಅಂತ ಕೇಳಿದ್ರೆ ಬೇಡ ಅಂತೀನಿ. ನಮ್ಮ ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಆಸುಪಾಸು, ಮಧ್ಯಾಹ್ನ ಬಿಸಿಲು ಸುಡುತ್ತೆ, ಮೆತ್ತನೆ ರಬ್ಬರು ಎನ್‌ಎಚ್ 48ರಲ್ಲಿ ರಬ್ಬರ್ ಅಳಿಸೋ ಹಾಗೆ ಸವೆದುಹೋಗುತ್ತೆ. ದೇವರಾಯನದುರ್ಗದ ತಿರುವಲ್ಲಿ ಹಸ್ತ, ಚಿತ್ತೆ ಮಳೆಗೆ ಬೇಕಿರೋದು ಚೆನ್ನಾಗಿ ನೀರು ಹೊರಹಾಕೋ ಮಾಮೂಲಿ ಟೈರು, ವಿಂಟರ್ ಟೈರಲ್ಲ.

ಇನ್ನು ಕಾನೂನು. ಜರ್ಮನಿಲಿ ಇಂಥ ತಾರೀಖಿಂದ ಹಾಕ್ಲೇಬೇಕು ಅಂತಿಲ್ಲ, ರಸ್ತೆಲಿ ಹಿಮ, ಕೆಸರುಹಿಮ, ಮಂಜುಗಡ್ಡೆ ಇದ್ದಾಗ ವಿಂಟರ್ ಟೈರ್ ಇಲ್ದೆ ಓಡಿಸೋ ಹಾಗಿಲ್ಲ. ಸಿಕ್ಕಿಬಿದ್ರೆ 60 ಯೂರೋ ದಂಡ, ಲೈಸೆನ್ಸಿಗೆ ಒಂದು ಪೆನಾಲ್ಟಿ ಪಾಯಿಂಟು, ಬೇರೆಯವರ ದಾರಿಗೆ ಅಡ್ಡ ಆಗಿ ನಿಂತಿದ್ರೆ 80. ಅಪಘಾತ ಆದ್ರೆ ಇನ್ಶೂರೆನ್ಸಿನವರು ಟೈರು ನೋಡ್ತಾರೆ, ಅದು ದಂಡಕ್ಕಿಂತ ದೊಡ್ಡ ತಲೆನೋವು. 2024ರ ಅಕ್ಟೋಬರ್ 1ರಿಂದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು ಇದ್ರೆ ಮಾತ್ರ ಅದು ವಿಂಟರ್ ಟೈರು ಅಂತ ಲೆಕ್ಕ. ಮೊದಲು ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ) ಅಂತ ಬರೆದಿದ್ರೂ ನಡೀತಿತ್ತು, ಈಗ ನಡೆಯಲ್ಲ, ಸೆಕೆಂಡ್ ಹ್ಯಾಂಡ್ ತಗೊಳೋವಾಗ ಇದನ್ನ ಮರೀಬೇಡಿ. ವೀಕೆಂಡಲ್ಲಿ ಆಸ್ಟ್ರಿಯಾ ಕಡೆ ಹಿಮ ನೋಡೋಕೆ ಹೋಗೋರು ಇನ್ನೊಂದು ತಿಳ್ಕೊಳ್ಳಿ, ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ ಹಿಮದ ರಸ್ತೆಗೆ ವಿಂಟರ್ ಟೈರ್ ಕಡ್ಡಾಯ, ಟೈರ್ ಮೇಲಿನ ಗೆರೆಗಳ (ಟ್ರೆಡ್) ಗುಂಡಿ ಆಳ ಕನಿಷ್ಠ 4 ಎಂಎಂ ಇರ್ಬೇಕು. ಜರ್ಮನಿಲಿ ಕಾನೂನು 1.6 ಎಂಎಂ ಅಂದ್ರೂ ಅಲ್ಲಿನ ಮೋಟಾರ್ ಕ್ಲಬ್ ಎಡಿಎಸಿ ಹೇಳೋದೂ 4 ಎಂಎಂ. ಹೊಸದರಲ್ಲಿ ಸುಮಾರು 8 ಇರುತ್ತೆ, ಅಂದ್ರೆ ಅರ್ಧ ಸವೆದ್ರೆ ಚಳಿಗಾಲದ ಮಟ್ಟಿಗೆ ಅದರ ಕೆಲಸ ಮುಗೀತು ಅಂತ ಇಟ್ಕೊಳ್ಳಿ.

ಈಗ ಅಸಲು ವಿಷಯ. ಟೈರ್ ಅಂಗಡಿಗೆ ಹೋಗೋಕೆ ಮುಂಚೆ ಮನೇಲಿ ಕೂತು ಲೀಸ್ ಕಾಂಟ್ರಾಕ್ಟ್ ತೆಗೀರಿ. ಜರ್ಮನ್ ಬರದಿದ್ರೆ ಬರೋರ ಹತ್ರ ಓದಿಸಿ, ನಾಚಿಕೆ ಬೇಡ. ನೋಡ್ಬೇಕಾದ್ದು ಮೂರು ವಿಷಯ. ಚಳಿಗಾಲದ ಚಕ್ರ ಲೀಸಲ್ಲೇ ಸೇರಿದ್ಯಾ ಇಲ್ವಾ, ಸುಮಾರು ಜನಕ್ಕೆ ಇದೇ ಗೊತ್ತಿರಲ್ಲ, ಪಾಪ ದುಡ್ಡು ಕಟ್ಟಿ ಮತ್ತೆ ಕೊಂಡ್ಕೊಂಡಿರೋರೂ ಇದಾರೆ. ಎರಡನೇದು, ವಾಪಸ್ ಕೊಡೋವಾಗ ಯಾವ ಚಕ್ರದ ಮೇಲೆ ಕೊಡ್ಬೇಕು, ಟೈರಲ್ಲಿ ಎಷ್ಟು ಎಂಎಂ ಉಳಿದಿರ್ಬೇಕು, ಸಾಮಾನ್ಯವಾಗಿ ಕಾರಿನ ಜೊತೆ ಬಂದಿದ್ದ ಒರಿಜಿನಲ್ ಸೆಟ್ಟು ವಾಪಸ್ ಬೇಕೇ ಬೇಕು ಅಂತಾರೆ. ಮೂರನೇದು, ಕಾರಲ್ಲಿ ಬದಲಾವಣೆ ಮಾಡೋ ಬಗ್ಗೆ ಏನ್ ಬರೆದಿದಾರೆ. ಕಾರು ಅವರದು, ನೀವು ಓಡಿಸೋರು ಅಷ್ಟೆ, ಪೇಪರ್ ಸರಿ ಇಲ್ಲದ ವೀಲ್ ಹಾಕಿದ್ರೆ ಅದು ಕಾಂಟ್ರಾಕ್ಟ್ ಮುರಿದ ಹಾಗೆ.

ಡೀಲರ್ ಹೇಳೋ ತಿಂಗಳ ಪ್ಯಾಕೇಜ್ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ. ತಿಂಗಳಿಗೆ 40 ಯೂರೋ ಅಂದ್ರೆ ಕೇಳೋಕೆ ಸಣ್ಣದು, ಆದ್ರೆ 36 ತಿಂಗಳಿಗೆ 1440 ಆಯ್ತು, ಕೊನೆಗೆ ಚಕ್ರಾನೂ ಅವರಿಗೇ ವಾಪಸ್ಸು. ಸ್ವಂತ ಸೆಟ್ಟಾದ್ರೆ ಲೀಸ್ ಮುಗಿದ ದಿನ ಮಾರಿ ಒಂದಿಷ್ಟು ದುಡ್ಡು ವಾಪಸ್ ಎತ್ತಬಹುದು. ಹಾಗಂತ ಪ್ಯಾಕೇಜ್ ಯಾವತ್ತೂ ಮೋಸ ಅಂತಲ್ಲ, ಅದರಲ್ಲಿ ಟೈರ್ ಬದಲಾಯಿಸೋ ಕೂಲಿ, ಇಟ್ಕೊಳೋ ಜಾಗ, ಸವೆದ್ರೆ ಹೊಸ ಟೈರು ಎಲ್ಲ ಸೇರಿದ್ದು ನೀವು ವರ್ಷಕ್ಕೆ 30 ಸಾವಿರ ಕಿಲೋಮೀಟರ್ ಓಡಿಸೋರಾದ್ರೆ ಗಿಟ್ಟಬಹುದು. ಕಾಗದದ ಮೇಲೆ ಕೂಡಿ ಕಳೆದು ನೋಡಿ. 12 ತಿಂಗಳ ಸಣ್ಣ ಲೀಸಾದ್ರೂ ಅಷ್ಟೆ, ಒಂದೇ ಚಳಿಗಾಲಕ್ಕೆ ಹೊಸ ಸೆಟ್ ಕೊಳ್ಳೋದು ನಷ್ಟ, ಸೆಕೆಂಡ್ ಹ್ಯಾಂಡೇ ಸರಿ.

ಮುಂದಿನ ಪೇಪರ್ರು ಸಿಓಸಿ, ಅಂದ್ರೆ ಸರ್ಟಿಫಿಕೇಟ್ ಆಫ್ ಕನ್ಫಾರ್ಮಿಟಿ, ಕಾರು ಮಾಡಿದ ಕಂಪನಿ ಕೊಡೋ ಪತ್ರ. ಕಾರು ಯಾವ ಯಾವ ಸೈಜಿನ ಟೈರು, ರಿಮ್ಮಿಗೆ ಒಪ್ಪಿಗೆ ಪಡೆದಿದೆ ಅಂತ ಅದರಲ್ಲಿ ಪಟ್ಟಿ ಇರುತ್ತೆ. ನಮ್ಮ ಆರ್‌ಸಿ ಥರದ ಪೇಪರಲ್ಲಿ ಒಂದೇ ಸೈಜ್ ಇರುತ್ತೆ, ಅದನ್ನ ನೋಡಿ ಇದೊಂದೇ ಹಾಕ್ಬೇಕೇನೋ ಅಂದ್ಕೊಂಡು ದುಬಾರಿ 18 ಇಂಚೇ ಕೊಳ್ಳೋರು ಬೇಕಾದಷ್ಟು ಜನ. ಲೀಸ್ ಕಾರಲ್ಲಿ ಸಿಓಸಿ ಕೆಲವು ಸಲ ಲೀಸ್ ಕಂಪನಿ ಹತ್ರಾನೇ ಇರುತ್ತೆ, ಒಂದು ಮೇಲ್ ಹಾಕಿ ಕಾಪಿ ಕೇಳಿ. ಆ ಪಟ್ಟಿಲಿ ಇರೋದ್ರಲ್ಲಿ ಅತಿ ಚಿಕ್ಕ ರಿಮ್ ಯಾವುದೋ ಅದನ್ನೇ ಆರಿಸಿ. ದುಡ್ಡು ಉಳಿಯೋದು ಇಲ್ಲೇ. ಒಂದು ಇಂಚು ಇಳಿದ್ರೆ ಟೈರ್ ರೇಟೂ ಇಳಿಯುತ್ತೆ, ಪಕ್ಕದ ಗೋಡೆ ದಪ್ಪ ಆಗುತ್ತೆ, ಹಿಮದಲ್ಲಿ ಮುಚ್ಚಿರೋ ಗುಂಡಿಗೋ ಕಲ್ಲಿಗೋ ಬಿದ್ರೂ ರಿಮ್ ಉಳ್ಕೊಳುತ್ತೆ.

ನಮ್ಮ ಹುಡುಗ, ಅದೇ ಅಕ್ಕನ ಮಗ, ಅವನ ಕಾರಿಗೆ ಬಂದಿದ್ದು 225/40 ಆರ್ 18. ಲೆಕ್ಕ ಹೀಗೆ: 225 ಅಂದ್ರೆ ಅಗಲ ಎಂಎಂ ಲೆಕ್ಕದಲ್ಲಿ, 40 ಅಂದ್ರೆ ಪಕ್ಕದ ಗೋಡೆ ಆ ಅಗಲದ ನೂರಕ್ಕೆ ನಲವತ್ತು, ಅಂದ್ರೆ 90 ಎಂಎಂ, ಮೇಲೂ ಕೆಳಗೂ ಸೇರಿ 180, ರಿಮ್ 18 ಇಂಚನ್ನ 25.4ರಿಂದ ಗುಣಿಸಿದ್ರೆ 457, ಒಟ್ಟು ಎತ್ತರ 637 ಎಂಎಂ. ಅವನ ಸಿಓಸಿಲಿ 225/45 ಆರ್ 17 ಕೂಡ ಇತ್ತು, ಅದೇ ಲೆಕ್ಕ ಹಾಕಿದ್ರೆ 634. ಮೂರು ಎಂಎಂ ವ್ಯತ್ಯಾಸ, ಸ್ಪೀಡೋಮೀಟರಿಗೆ ಗೊತ್ತೂ ಆಗಲ್ಲ. ಇನ್ನೂ ಒಂದಿಂಚು ಇಳಿದು ಮಾಮೂಲಿ ಗಾಲ್ಫಿನ 16 ಇಂಚಿನ ಸ್ಟೀಲ್ ರಿಮ್ ಹಾಕೋಣ, ಬಿಡಿಗಾಸಿಗೆ ಸಿಗುತ್ತೆ ಅಂದ ಅವನು. ಎತ್ತರ ಲೆಕ್ಕದಲ್ಲಿ 205/55 ಆರ್ 16ಗೆ 632 ಬರುತ್ತೆ, ಸರಿಯಾಗೇ ಕಾಣುತ್ತೆ, ಆದ್ರೆ ಪವರ್ ಇರೋ ಕಾರಿಗೆ ಬ್ರೇಕ್ ಡಿಸ್ಕು, ಕ್ಯಾಲಿಪರ್ರು ದೊಡ್ಡದು, ಚಿಕ್ಕ ರಿಮ್ ಒಳಗೆ ಹೋಗದೆ ತಗಲುತ್ತೆ. ಪಟ್ಟಿಲಿ ಇಲ್ಲ ಅಂದ್ರೆ ಇಲ್ಲ, ಅಲ್ಲಿಗೆ ಬಿಟ್ಬಿಡಿ. ಹಿಂದಿನ ಚಕ್ರ ಅಗಲ, ಮುಂದಿನದು ಸಣ್ಣ ಇರೋ ಕಾರುಗಳಿಗೂ ಎಷ್ಟೋ ಸಲ ಚಳಿಗಾಲಕ್ಕೆ ನಾಲ್ಕೂ ಒಂದೇ ಸೈಜ್ ಹಾಕೋ ಒಪ್ಪಿಗೆ ಸಿಓಸಿಲಿ ಇರುತ್ತೆ, ಇದ್ರೆ ಕಣ್ಮುಚ್ಚಿ ಅದನ್ನೇ ತಗೊಳ್ಳಿ, ರೇಟೂ ಕಮ್ಮಿ, ಮುಂದಿಂದು ಹಿಂದಿಂದು ಅದಲು ಬದಲು ಮಾಡಿ ಒಂದೇ ಸಮ ಸವೆಸ್ಬಹುದು.

ಸೈಜ್ ಪಕ್ಕ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತೆ, ಉದಾಹರಣೆಗೆ 94 ವಿ. ಅಂಕಿ ಅಂದ್ರೆ ಒಂದು ಟೈರ್ ಎಷ್ಟು ಭಾರ ಹೊರುತ್ತೆ ಅಂತ, 91ಕ್ಕೆ 615 ಕೆಜಿ, 94ಕ್ಕೆ 670 ಕೆಜಿ. ಇದು ಪಟ್ಟಿಲಿ ಹೇಳಿರೋದಕ್ಕಿಂತ ಕಮ್ಮಿ ಇರ್ಲೇಬಾರ್ದು. ಅಕ್ಷರ ಸ್ಪೀಡಿಂದು: ಎಚ್ ಅಂದ್ರೆ 210, ವಿ ಅಂದ್ರೆ 240, ಡಬ್ಲ್ಯೂ ಅಂದ್ರೆ 270 ಕಿಲೋಮೀಟರ್. ಜಿಟಿಐ 250 ಓಡೋ ಕಾರು, ಹಂಗಾದ್ರೆ ಡಬ್ಲ್ಯೂ ಬೇಕಲ್ವಾ ಅಂದ್ರೆ, ವಿಂಟರ್ ಟೈರಿಗೆ ಅಲ್ಲಿ ಒಂದು ವಿನಾಯಿತಿ ಇದೆ, ಕಾರಿನ ಟಾಪ್ ಸ್ಪೀಡಿಗಿಂತ ಕಮ್ಮಿ ಅಕ್ಷರದ ಟೈರ್ ಹಾಕ್ಬಹುದು, ಆದ್ರೆ ಆ ಟೈರಿನ ಮಿತಿ ಎಷ್ಟು ಅಂತ ಸ್ಟಿಕ್ಕರ್ ಡ್ರೈವರ್ ಕಣ್ಣಿಗೆ ಕಾಣೋ ಹಾಗೆ ಅಂಟಿಸಿರ್ಬೇಕು, ಆ ಸ್ಪೀಡ್ ಮೀರಬಾರ್ದು. ವಿ ಸಾಕು. ಚಳಿಗಾಲದಲ್ಲಿ ಆಟೋಬಾನ್ ಅನ್ನೋ ಅಲ್ಲಿನ ಹೈವೇಲಿ 240 ಓಡಿಸೋ ಮಾತು ನನ್ನ ಹತ್ರ ಯಾರೂ ಎತ್ತಬೇಡಿ.

ಹೊಸ ಟೈರಲ್ಲಿ ಯಾವ ಕಂಪನಿದು ಅಂದ್ರೆ, ದೊಡ್ಡ ಹೆಸರಿನ ಎರಡನೇ ಸಾಲಿನ ಬ್ರ್ಯಾಂಡ್ ನೋಡಿ ಅಂತೀನಿ. ಸೆಂಪರಿಟ್, ಬಾರುಮ್, ಯೂನಿರಾಯಲ್ ಇವು ಕಾಂಟಿನೆಂಟಲ್‌ನವರದ್ದೇ, ಕ್ಲೇಬರ್ ಮಿಶೆಲಿನ್‌ದು, ಫುಲ್ಡಾ ಗುಡ್‌ಇಯರ್‌ದು. ವ್ರೆಡೆಸ್ಟೈನ್ ಅಂತ ಡಚ್ ಬ್ರ್ಯಾಂಡ್ ಇದೆ, ಅದನ್ನ 2009ರಲ್ಲಿ ಕೊಂಡ್ಕೊಂಡಿದ್ದು ನಮ್ಮ ಅಪೋಲೋ ಟೈರ್ಸ್, ಬಿ.ಎಚ್. ರಸ್ತೆ ಅಂಗಡಿಲಿ ಬೋರ್ಡ್ ನೋಡ್ತೀವಲ್ಲ ಅದೇ ಅಪೋಲೋ, ಅದರ ವಿಂಟ್ರ್ಯಾಕ್ ಪ್ರೋ ಅನ್ನೋದು ಪವರ್ ಕಾರುಗಳಿಗೇ ಮಾಡಿರೋ ವಿಂಟರ್ ಟೈರು. ಹೆಸರೇ ಕೇಳಿರದ ಅತಿ ಅಗ್ಗದ ಟೈರ್ ಬೇಡ. ಸ್ಟುಟ್‌ಗಾರ್ಟ್ ಕಡೆ ಚಳಿಗಾಲದಲ್ಲಿ ಬಹುಪಾಲು ದಿನ ಬೀಳೋದು ಹಿಮ ಅಲ್ಲ, ತಣ್ಣನೆ ಮಳೆ, ಅಗ್ಗದ ಟೈರು ಸೋಲೋದು ಒದ್ದೆ ರಸ್ತೆಯ ಬ್ರೇಕಲ್ಲೇ. ಟೈರಿನ ಮೇಲೆ ಯೂರೋಪಿನ ಲೇಬಲ್ ಇರುತ್ತೆ, ಒದ್ದೆ ರಸ್ತೆ ಹಿಡಿತಕ್ಕೆ ಎ ಇಂದ ಇ ತನಕ, ಬಿ ದರ್ಜೆಗಿಂತ ಕೆಳಗೆ ನಾನು ಹೋಗಲ್ಲ. ಮಂಜುಗಡ್ಡೆ ಗುರುತೂ ಇರೋ ಟೈರು ಸಿಕ್ರೆ ಇನ್ನೂ ಒಳ್ಳೇದು ಅಂದ್ಕೊಳ್ಬೇಡಿ, ಅದು ಹೆಚ್ಚಾಗಿ ನಾರ್ವೆ, ಫಿನ್‌ಲ್ಯಾಂಡ್ ಥರದ ಕೊರೆಯೋ ಚಳಿಗೆ ಮಾಡಿರೋ ತುಂಬಾ ಮೆತ್ತನೆ ಟೈರು, ಆಟೋಬಾನಿನ ಸ್ಪೀಡಿಗೆ ಹೊಂದಲ್ಲ.

ಎಡಿಎಸಿಯವರು ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಟೈರ್ ಟೆಸ್ಟ್ ಮಾಡಿ ಹಾಕ್ತಾರೆ, ಓದಿ. ನಮ್ಮವರು ಅದರಲ್ಲಿ ಎಡವೋದು ಒಂದ್ಕಡೆ: ಜರ್ಮನ್ ಮಾರ್ಕ್ಸ್ ತಲೆಕೆಳಗು, 1ರ ಹತ್ರ ಇದ್ರೆ ಉತ್ತಮ, 5 ಅಂದ್ರೆ ಫೇಲು. ನಮ್ಮ ಹುಡುಗನ ರೂಮ್‌ಮೇಟು 4.8 ಇದೆ ಸೂಪರ್ ಟೈರು ಅಂತ ಆರ್ಡರ್ ಮಾಡೋಕೆ ಹೊರಟಿದ್ನಂತೆ. ಅವರು ಟೆಸ್ಟ್ ಮಾಡಿದ ಸೈಜು ನಿಮ್ಮದೇನಾ ಅಂತಾನೂ ನೋಡ್ಕೊಳ್ಳಿ, ಸೈಜ್ ಬೇರೆ ಆದ್ರೆ ಫಲಿತಾಂಶನೂ ಸ್ವಲ್ಪ ಬೇರೆ ಇರುತ್ತೆ.

ಆಲ್ ಸೀಸನ್ ಹಾಕಿ ಎರಡೂ ಸೆಟ್ ಗೋಳು ತಪ್ಪಿಸ್ಕೊಳ್ಳೋಣ್ವಾ ಅಂತ ಕೇಳ್ತಾರೆ. ಬೆಟ್ಟದ ಹಿಮದ ಗುರುತಿರೋ ಆಲ್ ಸೀಸನ್ ಕಾನೂನಿಗೆ ಸರಿನೇ, ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಂಥವು ಚೆನ್ನಾಗೂ ಇದಾವೆ. ಕಲೋನ್ ಕಡೆ ಸಮತಟ್ಟು ಊರಲ್ಲಿ ಕಮ್ಮಿ ಓಡಿಸೋರಿಗೆ ಸಾಕು. ಆದ್ರೆ ಲೀಸ್ ಕಾರಲ್ಲಿ ಗೋಳು ತಪ್ಪಲ್ಲ, ಒರಿಜಿನಲ್ ಬೇಸಿಗೆ ಟೈರನ್ನ ಹೇಗೂ ಎತ್ತಿಡ್ಲೇಬೇಕು, ಮೇಲಾಗಿ ಒರಿಜಿನಲ್ ರಿಮ್ ಮೇಲೇ ಆಲ್ ಸೀಸನ್ ಹಾಕಿದ್ರೆ ಉಪ್ಪು, ಕಲ್ಲು, ಗೀರು ಎಲ್ಲ ಆ ರಿಮ್ಮಿಗೇ. ಸ್ವೇಬಿಯನ್ ಆಲ್ಬ್ ಕಡೆ ಎ8 ರಸ್ತೆ ಏರು ಹತ್ತೋರಿಗಂತೂ ನಾನು ಹೇಳೋದು ಅಪ್ಪಟ ವಿಂಟರ್ ಟೈರೇ.

ಇನ್ನು ವೀಲು. ಇದರಲ್ಲಿ ಹೊಂದಬೇಕಾದ್ದು ಬೋಲ್ಟ್ ತೂತಿನ ಅಳತೆ, ನಡುವಿನ ತೂತು, ಅಗಲ, ಮತ್ತೆ ರಿಮ್ ಒಳಗೆ ಹೊರಗೆ ಎಷ್ಟು ಕೂರುತ್ತೆ ಅನ್ನೋ ಇಟಿ ನಂಬರ್. ಗಾಲ್ಫ್, ಆಕ್ಟೇವಿಯಾ ಇವಕ್ಕೆ ಐದು ಬೋಲ್ಟು, 112 ಎಂಎಂ ಅಡ್ಡಳತೆಯ ವೃತ್ತದ ಮೇಲೆ, ನಡುವಿನ ತೂತು 57.1. ಮರ್ಸಿಡಿಸ್‌ಗೂ 5, 112 ಅಂತಾನೇ ಇರುತ್ತೆ, ನಡುವಿನ ತೂತು ಮಾತ್ರ 66.6. ಬೋಲ್ಟ್ ಕೂರುತ್ತೆ ಅಂತ ಗೆಳೆಯನ ಮರ್ಸಿಡಿಸ್ ವೀಲ್ ಗಾಲ್ಫಿಗೆ ಹಾಕಿದ್ರೆ ಆಗಲ್ಲ. ಬೋಲ್ಟಲ್ಲೂ ಒಂದು ಸೂಕ್ಷ್ಮ ಇದೆ, ಇದನ್ನ ದಯವಿಟ್ಟು ಎರಡು ಸಲ ಓದಿ: ಫೋಕ್ಸ್‌ವ್ಯಾಗನ್ ಒರಿಜಿನಲ್ ವೀಲಿಗೆ ಬೋಲ್ಟಿನ ಕತ್ತು ಗುಂಡಗಿರುತ್ತೆ, ಹೊರಗಿನ ಕಂಪನಿ ವೀಲುಗಳಿಗೆ ಹೆಚ್ಚಾಗಿ ಕೋನ್ ಥರ ಚೂಪಾಗಿರುತ್ತೆ. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದ್ರೆ ಬಿಗಿ ಆದ ಹಾಗೆ ಕಾಣುತ್ತೆ, ಓಡ್ತಾ ಓಡ್ತಾ ಸಡಿಲ ಆಗುತ್ತೆ. ಜೀವದ ವಿಷಯ ಇದು.

ಪೇಪರ್ ವಿಷಯದಲ್ಲಿ ನಾಲ್ಕು ಥರ. ಒರಿಜಿನಲ್ ವೀಲಾಗಿದ್ದು ಸಿಓಸಿಲಿ ಇದ್ರೆ ಏನೂ ರಗಳೆ ಇಲ್ಲ. ಇಸಿಇ ಅನ್ನೋ ಯೂರೋಪ್ ಮಟ್ಟದ ಒಪ್ಪಿಗೆ ಇರೋ ಹೊರಗಿನ ವೀಲು ಒರಿಜಿನಲ್ ಅಳತೆಗೇ ಮಾಡಿರ್ತಾರೆ, ಅದೂ ನೆಮ್ಮದಿ. ಎಬಿಇ, ಅಂದ್ರೆ ಜರ್ಮನಿಯ ಸಾಮಾನ್ಯ ಒಪ್ಪಿಗೆ ಪತ್ರ, ಇರೋ ವೀಲಾದ್ರೆ ಆ ಕಾಗದ ಓದಿ, ನಿಮ್ಮ ಕಾರಿನ ಹೆಸರಿದ್ಯಾ, ಮುಂದೆ ಏನಾದ್ರೂ ಷರತ್ತು ಹಾಕಿದಾರಾ ಅಂತ, ಕಾಗದ ಕಾರಲ್ಲೇ ಇಟ್ಕೊಳ್ಳಿ. ಟ್ಯೂಫ್ ಅನ್ನೋ ವಾಹನ ತಪಾಸಣೆ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿ ಬರೆಸ್ಬೇಕು ಅನ್ನೋ ವೀಲು ಎಷ್ಟೇ ಚೆಂದ ಇರ್ಲಿ, ಲೀಸ್ ಕಾರಿಗೆ ಬೇಡ. ಬಣ್ಣ ಆರಿಸೋವಾಗ ಮಿರಮಿರ ಮಿಂಚೋ ಡೈಮಂಡ್ ಕಟ್ ಬಿಟ್ಟು ಪೂರ್ತಿ ಪೇಂಟ್ ಆಗಿರೋ ಮಾಮೂಲಿ ಬೆಳ್ಳಿ ಬಣ್ಣ ತಗೊಳ್ಳಿ, ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ, ಕೊಯ್ದ ಅಂಚಿಗೆ ಉಪ್ಪು ಬೇಗ ಹತ್ತುತ್ತೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭದ ದಾರಿ ಅಂದ್ರೆ ಲೀಸ್ ಮುಗಿಸಿದೋರ ಹತ್ರ ಒರಿಜಿನಲ್ ಸೆಟ್ ಸೆಕೆಂಡ್ ಹ್ಯಾಂಡ್ ತಗೊಳೋದು. ಅವರ ಕಾರು ವಾಪಸ್ ಹೋಗಿರುತ್ತೆ, ನೆಲಮಾಳಿಗೆಲಿ ನಾಲ್ಕು ಚಕ್ರ ಕೂತಿರುತ್ತೆ, ಹೆಂಡ್ತಿ ಬೈತಿರ್ತಾಳೆ, ಕ್ಲೈನ್‌ಅನ್‌ಝೈಗನ್ ಅನ್ನೋ ಸೆಕೆಂಡ್ ಹ್ಯಾಂಡ್ ಜಾಹೀರಾತಿನ ವೆಬ್‌ಸೈಟಲ್ಲಿ ಹಾಕಿರ್ತಾರೆ. ಮೇ, ಜೂನಲ್ಲಿ ಹುಡುಕಿದ್ರೆ ರೇಟ್ ಇನ್ನೂ ಇಳಿದಿರುತ್ತೆ, ಅಕ್ಟೋಬರಲ್ಲಿ ಎಲ್ಲರಿಗೂ ಬೇಕು. ನಮ್ಮ ಹುಡುಗನಿಗೆ ಡೀಲರ್ ಹೊಸ 18 ಇಂಚಿಗೆ 1800 ಯೂರೋ ಹೇಳಿದ್ರು, 17 ಇಂಚಿನ ಒರಿಜಿನಲ್ ಸೆಟ್ಟು, ಟೈರ್ ಸಮೇತ, 520ಕ್ಕೆ ಸಿಕ್ತು.

ನೋಡೋಕೆ ಹೋದಾಗ ಹಗಲು ಹೊತ್ತಲ್ಲೇ ಹೋಗಿ. ಟೈರ್ ಪಕ್ಕ ಡಾಟ್ (DOT) ಅಂತ ಬರೆದಿರೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, 3222 ಅಂದ್ರೆ 2022ನೇ ಇಸವಿ 32ನೇ ವಾರ ತಯಾರಾಗಿದ್ದು. ಹಳೇದಾದಷ್ಟೂ ರಬ್ಬರು ಗಟ್ಟಿ, ಆರು ವರ್ಷ ದಾಟಿದ್ದನ್ನ ನಾನು ಮುಟ್ಟಲ್ಲ. ಗುಂಡಿ ಆಳ ಅಳೆಯೋ ಸಣ್ಣ ಗೇಜ್ ಒಂದೆರಡು ಯೂರೋಗೆ ಸಿಗುತ್ತೆ, ಜೇಬಲ್ಲಿ ಇಟ್ಕೊಂಡು ಹೋಗಿ ನಾಲ್ಕೂ ಟೈರು ಒಳಗೆ ನಡುವೆ ಹೊರಗೆ ಮೂರೂ ಕಡೆ ಅಳೀರಿ, 6 ಎಂಎಂ ಇದ್ರೆ ಎರಡು ಚಳಿಗಾಲ ಧೈರ್ಯವಾಗಿ ಬರುತ್ತೆ. ಪಕ್ಕದ ಗೋಡೆಲಿ ಉಬ್ಬು, ಸೀಳು ಇದ್ಯಾ ಕೈಯಾಡಿಸಿ ನೋಡಿ. ರಿಮ್ ಮಗುಚಿ ಒಳಗಡೆ ನೋಡಿ, ಮುಂದೆ ಫಳಫಳ ಅನ್ನೋ ರಿಮ್ಮು ಹಿಂದೆ ಸೊಟ್ಟ ಆಗಿರುತ್ತೆ, ಇಲ್ಲ ವೆಲ್ಡ್ ಮಾಡಿರ್ತಾರೆ, ವೆಲ್ಡ್ ಮಾಡಿದ್ದು ಪುಕ್ಕಟೆ ಕೊಟ್ರೂ ಬೇಡ. ಕೊಂಡಿದ್ದ ಬಿಲ್ ಕೇಳಿ, ಕದ್ದ ಚಕ್ರ ಮಾರೋರು ಅಲ್ಲೂ ಇದಾರೆ. ದುಡ್ಡು ಮುಂಗಡ ಕಳಿಸಿ ಕೊರಿಯರಲ್ಲಿ ಹಾಕ್ತೀನಿ ಅನ್ನೋರನ್ನ ನಂಬಬೇಡಿ.

ಪ್ರೆಷರ್ ಸೆನ್ಸರ್ ಒಂದು ಖರ್ಚು ಮರೆತು ಹೋಗುತ್ತೆ. 2014ರ ನವೆಂಬರಿಂದ ಯೂರೋಪಲ್ಲಿ ರಿಜಿಸ್ಟರ್ ಆಗೋ ಹೊಸ ಕಾರಿಗೆಲ್ಲ ಟೈರ್ ಪ್ರೆಷರ್ ತಿಳಿಸೋ ವ್ಯವಸ್ಥೆ ಕಡ್ಡಾಯ. ಗಾಲ್ಫಲ್ಲಿ ಎಬಿಎಸ್ ಮೂಲಕಾನೇ ಚಕ್ರ ತಿರುಗೋದನ್ನ ಲೆಕ್ಕ ಹಾಕುತ್ತೆ, ವೀಲ್ ಒಳಗೆ ಸೆನ್ಸರ್ ಬೇಕಿಲ್ಲ, ಚಕ್ರ ಬದಲಾಯಿಸಿದ್ಮೇಲೆ ಸ್ಕ್ರೀನಲ್ಲಿ ಹೊಸದಾಗಿ ಸೇವ್ ಮಾಡಿದ್ರೆ ಆಯ್ತು. ಈಚಿನ ಬಿಎಂಡಬ್ಲ್ಯೂ ಥರದ ಕಾರಲ್ಲಿ ಪ್ರತಿ ವೀಲಲ್ಲೂ ಸೆನ್ಸರ್ ಇರುತ್ತೆ, ಸೆಕೆಂಡ್ ಹ್ಯಾಂಡ್ ಸೆಟ್ ಜೊತೆ ಅದೂ ಬರುತ್ತಾ ಅಂತ ಕೇಳಿ, ಬರದಿದ್ರೆ ಅದಕ್ಕೆ ತಕ್ಕ ಹಾಗೆ ಚೌಕಾಸಿ ಮಾಡಿ.

ಹಾಕ್ಸೋದು ಯಾವಾಗ ಅಂದ್ರೆ, ಅಲ್ಲಿ ಒಂದು ಮಾತಿದೆ, ಓ ಇಂದ ಓ ತನಕ ಅಂತ, ಅಕ್ಟೋಬರಿಂದ ಈಸ್ಟರ್ ವರೆಗೆ, ಈಸ್ಟರಿಗೆ ಅವರು ಓಸ್ಟರ್ನ್ ಅಂತಾರೆ. ನಮ್ಮವರು ನೆನಪಿಟ್ಕೊಳ್ಳೋಕೆ ಆಯುಧಪೂಜೆಯಿಂದ ಯುಗಾದಿ ದಾಟಿ ಒಂದಿಷ್ಟು ದಿನ ಅಂದ್ಕೊಂಡ್ರೆ ಸರಿಹೋಗುತ್ತೆ. ಅಪಾಯಿಂಟ್‌ಮೆಂಟ್ ಸೆಪ್ಟೆಂಬರಲ್ಲೇ ತಗೊಳ್ಳಿ, ಮೊದಲ ಹಿಮ ಬಿದ್ದ ದಿನ ಎಲ್ಲ ವರ್ಕ್‌ಶಾಪ್ ಮುಂದೆ ಸಾಲು. ಟೈರ್ ಮೇಲೆ ತಿರುಗೋ ದಿಕ್ಕಿನ ಬಾಣ ಇದ್ರೆ ಸರಿಯಾಗಿ ಹಾಕಿದಾರಾ ನೀವೇ ನೋಡಿ. ಬೋಲ್ಟನ್ನ ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್ ಹೇಳಿರೋ ಅಷ್ಟೇ ಬಿಗಿಸ್ಬೇಕು, ಗಾಲ್ಫಿಗೆ 120 ನ್ಯೂಟನ್ ಮೀಟರ್, ಮತ್ತೆ 50 ಕಿಲೋಮೀಟರ್ ಓಡಿಸಿದ್ಮೇಲೆ ಇನ್ನೊಂದ್ಸಲ ಚೆಕ್ ಮಾಡಿಸಿ, ಇದನ್ನ ಬಿಡ್ಲೇಬೇಡಿ. ಚಳಿ 10 ಡಿಗ್ರಿ ಇಳಿದ್ರೆ ಗಾಳಿ ಸುಮಾರು 0.1 ಬಾರ್ ಇಳಿಯುತ್ತೆ, ಹಾಗಾಗಿ ತಿಂಗಳಿಗೊಂದ್ಸಲ, ಟೈರ್ ತಣ್ಣಗಿದ್ದಾಗ, ಪ್ರೆಷರ್ ನೋಡ್ತಿರಿ.

ಬಿಚ್ಚಿದ ಒರಿಜಿನಲ್ ಚಕ್ರ ಇದೆಯಲ್ಲ, ಅದನ್ನ ನಮ್ಮಜ್ಜಿ ಬೆಳ್ಳಿ ಪಾತ್ರೆ ಎತ್ತಿಟ್ಟ ಹಾಗೆ ಎತ್ತಿಡಿ. ಬಿಚ್ಚಿದ ದಿನಾನೇ ನಾಲ್ಕೂ ರಿಮ್ಮಿನ ಫೋಟೋ, ತಾರೀಖು ಸಮೇತ. ತೊಳೆದು ಒರೆಸಿ, ಯಾವುದು ಮುಂದೆ ಎಡ, ಯಾವುದು ಹಿಂದೆ ಬಲ ಅಂತ ಚಾಕ್‌ಪೀಸಲ್ಲಿ ಬರೆದು, ಬಿಸಿಲು ಬೀಳದ ಒಣ ಜಾಗದಲ್ಲಿ ಮಲಗಿಸಿ ಒಂದರ ಮೇಲೊಂದು ಇಡಿ, ನಡುವೆ ರಟ್ಟು ಹಾಕಿ. ರಿಮ್ ಇಲ್ಲದ ಬರೀ ಟೈರಾದ್ರೆ ಮಲಗಿಸ್ಬಾರ್ದು, ನಿಲ್ಲಿಸಿಡ್ಬೇಕು. ಬೋಲ್ಟುಗಳನ್ನ ಒಂದು ಡಬ್ಬಿಲಿ ಹಾಕಿ ಮೇಲೆ ಹೆಸರು ಬರೀರಿ, ಎರಡು ಸೆಟ್ಟಿನ ಬೋಲ್ಟ್ ಬೆರೆತ್ರೆ ಏನಾಗುತ್ತೆ ಅಂತ ಮೇಲೆ ಹೇಳಿದೀನಿ. ಮನೇಲಿ ಜಾಗ ಇಲ್ದಿದ್ರೆ ವರ್ಕ್‌ಶಾಪಿನವರೇ ಬಾಡಿಗೆಗೆ ಇಟ್ಕೊಳ್ತಾರೆ, ರಸೀದಿಲಿ ರಿಮ್ಮಿನ ಸ್ಥಿತಿ, ಉಳಿದಿರೋ ಎಂಎಂ ಬರೆಸ್ಕೊಳ್ಳಿ.

ನಮ್ಮಕ್ಕ ಮೊನ್ನೆ ಕೇಳಿದ್ಲು, "ಏನೇ ಇದು, ಹೊಸಾ ಕಾರಿಗೆ ಇನ್ನೊಂದ್ ಸೆಟ್ ಚಕ್ರ ಯಾಕೇ, ಇರೋ ನಾಲ್ಕು ಸಾಲ್ದಾ?" ಅಂತ. ಕೂರಿಸ್ಕೊಂಡು ಆ ಇಳಿಜಾರಿನ ಕಥೆ ಹೇಳಿದೆ. ಅವಳು ಆಗ್ಲೇ ಮಗನಿಗೆ ಫೋನ್ ಹಾಕಿ, ಬೋಲ್ಟ್ ಎರಡನೇ ಸಲ ಚೆಕ್ ಮಾಡಿಸಿದ್ಯೇನೋ ಅಂದ್ಲು. ಮಾಡಿಸಿರ್ಲಿಲ್ಲ. ಮಾರನೇ ದಿನ ಬೆಳಗ್ಗೆ ಹೋಗಿ ಮಾಡಿಸ್ಕೊಂಡು ಬಂದ.